ಬಾಗಿಲ ಮೇಲಿನ ಹೆಸರು

ನಮ್ಮವ್ವ ಗುಡ್ಡಮ್ಮ ಹಾವಿಗೆ ಹೆದರಿದವಳಲ್ಲ. ಅಂಜನಾಪುರದ ನಾಲೆ ದಂಡೆಯಲ್ಲಿ ಹುಲ್ಲು ಕೊಯ್ಯುವಾಗ ಹಾವು ಕಂಡರೆ ಕುಡುಗೋಲಿನಿಂದ ದಾರಿ ತೋರಿಸಿ, "ಹೋಗಪ್ಪಾ" ಎನ್ನುತ್ತಿದ್ದಳು. ಆದರೆ ಕಲ್ಲಿನಲ್ಲಿ ಕೊರೆದ ಅಕ್ಷರ ಕಂಡರೆ ಅವಳ ಜೀವ ಬಾಯಿಗೆ ಬರುತ್ತಿತ್ತು.

ಅದನ್ನು ಮನೆಗೇ ತಂದವನು ನಮ್ಮಪ್ಪ ಹುಚ್ಚರಾಯಪ್ಪ. ಐವತ್ತೇಳನೇ ಇಸವಿಯಲ್ಲಿ ಹುಲ್ಲಿನ ಮಾಡು ಕಿತ್ತು ಹೆಂಚಿನ ಮನೆ ಕಟ್ಟಿಸಿದ. ಶಿವಮೊಗ್ಗದಲ್ಲಿ ಯಾರದೋ ಮನೆಯ ಮುಂದೆ ಹೆಸರು ನೋಡಿ ಬಂದಿದ್ದ. ತನ್ನ ಮನೆಗೂ ಹೆಸರು ಬೇಕೆಂದ. ಅಪ್ಪನ ಹಟವೆಂದರೆ ಉಡದ ಪಟ್ಟು. ನನಗಿಂತ ಮುಂಚೆ ಹುಟ್ಟಿದ ಎರಡು ಗಂಡುಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಉಳಿದವಳು ನಾನೊಬ್ಬಳೇ, ಆಗ ಎಂಟು ವರ್ಷದವಳು. ಆ ಪ್ರೀತಿಗೆ ಬಾಗಿಲ ಮೇಲಿನ ಕಲ್ಲಿನಲ್ಲಿ ನನ್ನ ಹೆಸರೇ ಹಾಕಿ 'ಲೋಕಮ್ಮ ನಿಲಯ' ಎಂದು ಕೊರೆಸಿದ.

ನಮ್ಮ ಕಡೆ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಎಲ್ಲಿ ನೋಡಿದರೂ ವೀರಗಲ್ಲು, ಮಾಸ್ತಿಗಲ್ಲು. ಅಕ್ಷರವಿರುವ ಕಲ್ಲೆಂದರೆ ಸತ್ತವರ ಕಲ್ಲು ಎಂಬುದಷ್ಟೇ ಅವ್ವನಿಗೆ ಗೊತ್ತು.

"ಬದುಕಿರೋ ಕೂಸಿನ ಹೆಸರು ಕಲ್ಲಿಗೆ ಹಾಕ್ತಾರೇನ್ರೀ? ಸತ್ತೋರಿಗೆ ಹಾಕೋದು ಅದು," ಎಂದಳು.

"ನಿನ್ನ ತಲಿ! ಶಿವಮೊಗ್ಗದಾಗೆ ಹಾಕ್ಸಿದೋರೆಲ್ಲ ಸತ್ತು ಹೋಗ್ಯಾರೇನು?" ಎಂದು ಅಪ್ಪ ನಕ್ಕ.

ಗೃಹಪ್ರವೇಶಕ್ಕೆ ಕಟ್ಟಿದ ತೋರಣ ಒಣಗುವ ಮುಂಚೆಯೇ ನನಗೆ ಜ್ವರ ಬಂತು. ಶಿಕಾರಿಪುರದ ಡಾಕ್ಟರು ಕೊಟ್ಟ ಔಷಧಿಗೆ ಜ್ವರ ಇಳಿಯಲಿಲ್ಲ. ನಾನು ಕಣ್ಣು ಬಿಡದಾದಾಗ ಅಪ್ಪನ ನಗು ಅಡಗಿತು. ಸುತ್ತಿಗೆ ಹಿಡಿದು ಕಲ್ಲು ಒಡೆಯಲು ಹೊರಟ. ಅವ್ವ ಓಡಿಬಂದು ಕೈ ಹಿಡಿದಳು.

"ಒಡೀಬ್ಯಾಡ್ರೀ! ಅದ್ರಾಗೆ ಕೂಸಿನ ಹೆಸರೈತಿ!"

ಒಡೆದರೂ ಭಯ, ಬಿಟ್ಟರೂ ಭಯ. ಕೊನೆಗೆ ಅವಳೇ ಹೋಗಿ ಕಲ್ಲುಕುಟಿಗ ಯಲ್ಲಪ್ಪನನ್ನು ಕರೆತಂದಳು.

"ಪೆಟ್ಟು ಹಾಕಬ್ಯಾಡ ಯಲ್ಲಪ್ಪಣ್ಣ, ನುಣ್ಣಗೆ ತೇದು ತೆಗಿ. ಆಮ್ಯಾಲೆ ಅಲ್ಲಿ ನನ್ನ ಹೆಸರು ಹಾಕು. ಕಲ್ಲಿಗೆ ಒಬ್ರು ಬೇಕೇ ಬೇಕಂದ್ರೆ ನಾನದೀನಿ."

ಯಲ್ಲಪ್ಪ ಅಪ್ಪನ ಮುಖ ನೋಡಿದ. ಅಪ್ಪ ಗೋಡೆಯ ಕಡೆ ತಿರುಗಿಕೊಂಡ. ಸಂಜೆಯ ಹೊತ್ತಿಗೆ ಅದು 'ಗುಡ್ಡಮ್ಮ ನಿಲಯ'ವಾಯಿತು.

ನಾನು ಉಳಿದೆ. ಔಷಧಿಯಿಂದಲೋ ಕಲ್ಲಿನಿಂದಲೋ, ದೇವರೇ ಬಲ್ಲ. ಎದ್ದು ಓಡಾಡುವಂತಾದ ಮೇಲೆ ಬಾಗಿಲ ಮೇಲೆ ಅವ್ವನ ಹೆಸರು ಓದಿದೆ. ಹೆದರುವ ಸರದಿ ನನ್ನದಾಯಿತು. ಅವ್ವ ಕೆಮ್ಮಿದರೆ ಆಟ ಬಿಟ್ಟು ಓಡಿಬರುತ್ತಿದ್ದೆ. ಶಾಲೆ ಬಿಟ್ಟು ಬರುವಾಗ ಬೀದಿಯ ತುದಿಯಿಂದಲೇ "ಅವ್ವಾ" ಎಂದು ಕೂಗುತ್ತಿದ್ದೆ. ಅವಳು ಓಗೊಡುವುದು ತಡವಾದರೆ ಕಾಲು ಮುಂದೆ ಹೋಗುತ್ತಿರಲಿಲ್ಲ.

ಮರುವರ್ಷ ದೀಪಾವಳಿಗೆ ಸುಣ್ಣ ಬಳಿಯಲು ಏಣಿ ತಂದಿಟ್ಟಿದ್ದರು. ಯಾರೂ ಇಲ್ಲದ್ದು ನೋಡಿ ಕೆಮ್ಮಣ್ಣು ಕಲಸಿಕೊಂಡು ಹತ್ತಿದೆ. ಆ ಅಕ್ಷರಗಳಿಗೆ ಮೆತ್ತತೊಡಗಿದೆ. ಅರ್ಧ ಮುಚ್ಚುವಷ್ಟರಲ್ಲಿ ಅವ್ವ ಹಿತ್ತಿಲಿನಿಂದ ಬಂದಳು. ಎಂದೂ ನನ್ನ ಮೇಲೆ ಕೈ ಎತ್ತದವಳು ಕೆಳಗಿಳಿಸಿ ಕೆನ್ನೆಗೆ ಬಾರಿಸಿದಳು.

"ನೀನು ಸಾಯಬ್ಯಾಡವ್ವಾ," ಎಂದು ಅಳತೊಡಗಿದೆ.

ಅವ್ವ ಏಣಿ ಹತ್ತಿ, ಒದ್ದೆ ಸೆರಗಿನಿಂದ ಒಂದೊಂದೇ ಅಕ್ಷರದ ಮಣ್ಣು ತೆಗೆಯುತ್ತ ಹೇಳಿದಳು: "ನನ್ನ ಹೆಸರು ಮುಚ್ಚಿಬಿಟ್ರೆ ಈ ಕಲ್ಲು ಮತ್ತೆ ನಿನ್ನ ಕೇಳ್ತೈತಿ, ಕೂಸೇ."

ನಾನು ಏಣಿ ಹಿಡಿದು ನಿಂತೆ.