ಒಂದು ದಿನ ಮೊದಲೇ ಬಂದ ನೀರು

ಕಾರಂಜಿ ನೋಡಿ ಬೆವತವರನ್ನು ನೀವು ಕಂಡಿದ್ದೀರಾ? ಹೋದ ಭಾನುವಾರ ನಾನು ಬೆವತೆ.

ಹೊಸಪೇಟೆ ಹತ್ತಿರದ ಡ್ಯಾಮಿನ ಕೆಳಗೆ ಒಂದು ತೋಟವಿದೆಯಲ್ಲ, ರಜೆ ಬಂತೆಂದರೆ ಎಲ್ಲರೂ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೋಗುವ ತೋಟ, ಅಲ್ಲಿ. ಆಳೆತ್ತರ ಚಿಮ್ಮುವ ನೀರಿನ ಮುಂದೆ ಅಕ್ಕನ ಇಬ್ಬರು ಹೆಣ್ಣುಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನು ಮನಸ್ಸಿನಲ್ಲೇ ಗುಣಾಕಾರ ಮಾಡುತ್ತಿದ್ದೆ. ನೀರು ತಾಸಿಗೆ ಎಷ್ಟು ಮೈಲು ನಡೆಯುತ್ತದೆ?

(ಮೊದಲಿನಿಂದ ಹೇಳುತ್ತೇನೆ. ವಾದಕ್ಕೆ ಕ್ರಮ ಮುಖ್ಯ ಎಂದು ಕಾಲೇಜಿನಲ್ಲಿ ಕಲಿತವನು ನಾನು.)

ಅಕ್ಕ ರಾಯಚೂರಿನಿಂದ ಮಕ್ಕಳ ಜೊತೆ ಊರಿಗೆ ಬಂದಿದ್ದಳು. ನಮ್ಮೂರು ವಳಕಮದಿನ್ನಿ. ಇಲ್ಲಿ ಮಕ್ಕಳಿಗೆ ತೋರಿಸುವಂಥದ್ದು ಏನಿದೆ? ಕೊಯ್ದುಹೋದ ಗದ್ದೆ ಇದೆ. ಹೊಸದಾಗಿ ಬಂದ ಒಂದು ಟ್ರ್ಯಾಕ್ಟರ್ ಇದೆ. ಬೇಸಿಗೆಗೆ ನೀರು ನಿಲ್ಲಿಸಿದ ಒಣ ಕಾಲುವೆ ಇದೆ. ಎರಡು ದಿನಕ್ಕೆ ಮಕ್ಕಳಿಗೆ ಬೇಸರ ಬಂತು. ಹೈದರಾಬಾದಿನ ಝೂ ನೋಡಬೇಕೆಂದು ಹಟ ಹಿಡಿದರು. ಅಲ್ಲಿ ಮಕ್ಕಳಿಗೆಂದೇ ಸಣ್ಣ ರೈಲು ಓಡುತ್ತದಂತೆ. ಅಕ್ಕನಿಗೂ ಒಳಗೊಳಗೇ ಆಸೆ.

ನಾನು ಮೂರು ಪಾಯಿಂಟ್ ಮಂಡಿಸಿದೆ. ಒಂದು, ಹೈದರಾಬಾದ್ ದೂರ. ಎರಡು, ಪಂಜರದಲ್ಲಿ ಮಲಗಿದ ಹುಲಿಗಿಂತ ನಮ್ಮ ಮನೆಯ ಮುಂದಿನ ನಾಯಿ ಚುರುಕು. ಮೂರು, ತಾವು ಉಣ್ಣುವ ಅನ್ನಕ್ಕೆ ನೀರು ಎಲ್ಲಿಂದ ಬರುತ್ತದೆಂದು ಮಕ್ಕಳು ಕಣ್ಣಾರೆ ನೋಡಲಿ. ಡ್ಯಾಮಿಗೆ ಹೋಗುವ ಠರಾವು ಪಾಸಾಯಿತು. ಅಕ್ಕ ಅಂದದ್ದು ಇಷ್ಟೇ: ನಿನ್ನ ಕೂಡ ಮಾತಾಡಿ ಗೆದ್ದವರು ಯಾರು?

ಯಾರೂ ಇಲ್ಲ. ಕಷ್ಟ ಶುರುವಾದದ್ದೇ ಅಲ್ಲಿಂದ.

ಹೊರಡುವುದಕ್ಕೆ ಎರಡು ದಿನ ಮೊದಲು, ಶುಕ್ರವಾರ ಸಂಜೆ, ಊರಲ್ಲಿ ಡಂಗುರ ಹೊಡೆದರು. ಸೋಮವಾರ ನಮ್ಮ ಕಾಲುವೆಗೆ ನೀರು ಬರುತ್ತದೆ, ಒಳಗೆ ಏನಾದರೂ ಇಟ್ಟುಕೊಂಡವರು ಮೇಲೆ ತೆಗೆಯಬೇಕು ಎಂದು. ಕಾಲುವೆಯೊಳಗೆ ಏನು ಇಟ್ಟಿರುತ್ತಾರೆ ಎಂದು ಪಟ್ಟಣದ ಓದುಗರು ಕೇಳಬಹುದು. ಎಲ್ಲವನ್ನೂ ಇಟ್ಟಿರುತ್ತಾರೆ! ನೀರಿಲ್ಲದ ಕಾಲುವೆ ನಮಗೆ ಓಣಿ, ಕಣ, ದೊಡ್ಡಿ, ಹಿತ್ತಲು, ಎಲ್ಲವೂ ಹೌದು.

ನನ್ನ ಸೋದರಮಾವ ಬೀರಪ್ಪ ಕುರಿ ಕಾಯುವವನು. ಊರ ಮುಂದಿನ ಕಾಲುವೆಗೆ ಒಂದು ಸಣ್ಣ ಸೇತುವೆ ಇದೆ. ಬಿಸಿಲಲ್ಲಿ ಈ ಭಾಗದ ಅತ್ಯಂತ ತಂಪು ಜಾಗ ಅದರ ಕೆಳಗಿನದೇ. ಹಾಲು ಕುಡಿಯುವ ಮರಿಗಳನ್ನು ಮಾವ ಅಲ್ಲಿ ತಟ್ಟಿ ಕಟ್ಟಿ ಕೂಡಿಹಾಕಿ, ದೊಡ್ಡ ಕುರಿ ಹೊಡೆದುಕೊಂಡು ಮೇಯಿಸಲು ಹೋಗುತ್ತಾನೆ. ಮರಿ ಒಳಗೆ, ಮಾವ ಎರಡು ಮೈಲು ಆಚೆ. ಇದು ಪ್ರತಿ ಬೇಸಿಗೆಯ ಪದ್ಧತಿ.

ಡಂಗುರ ಕೇಳಿದ ಮಾವ ಕಟ್ಟೆಯ ಮೇಲೆ ಕೂತವನು, ನಾಳೆ ಮರಿ ಮೇಲೆ ಏರಿಸುತ್ತೇನೆ ಅಂದ. ನನಗೆ ನಾಲಿಗೆ ತುರಿಸಿತು. ಹದಿನೈದು ದಿನದಲ್ಲಿ ಇದು ಮೂರನೆಯ ಡಂಗುರ ಅಲ್ಲವೇ? ಮೊದಲ ಎರಡು ಸಲ ಒಂದು ಹನಿಯಾದರೂ ಬಂತೇ? ಸರಕಾರದ ಯಾವ ಕೆಲಸ ಹೇಳಿದ ದಿನಕ್ಕೆ ಆಗಿದೆ, ಯಾರಾದರೂ ಒಂದು ಉದಾಹರಣೆ ಕೊಡಿ. ಈ ಉರಿಯಲ್ಲಿ ಬಯಲಿಗೆ ತಂದರೆ ಮರಿ ಬಿಸಿಲಿಗೇ ಸಾಯುತ್ತವೆ. ನೀರಿನಿಂದ ಸಾಯುವುದು ಅನುಮಾನ, ಬಿಸಿಲಿನಿಂದ ಸಾಯುವುದು ಖಚಿತ. ಹಾಗಾದರೆ ಬುದ್ಧಿವಂತ ಯಾವುದನ್ನು ಆರಿಸುತ್ತಾನೆ?

ಕಟ್ಟೆಯ ಮೇಲಿದ್ದವರು ಹೋ ಎಂದರು. ಮಾವ ನಕ್ಕ. "ಆತು ಬಿಡಪಾ ಅಳಿಯಾ, ನೀ ಓದಿದಾಂವ" ಎಂದು ಕಂಬಳಿ ಕೊಡವಿಕೊಂಡು ಎದ್ದ.

ಅಲ್ಲೇ ನಿಂತಿದ್ದ ಹನುಮವ್ವ ನನ್ನನ್ನು ಒಂದು ಮಾತು ಕೇಳಿದಳು. ವಯಸ್ಸಾದ ಒಂಟಿ ಹೆಂಗಸು. ಸೇತುವೆಯ ಆಚೆ, ಕಾಲುವೆಯ ತಳದ ಹಸಿ ಉಸುಕಿನಲ್ಲಿ, ನಾಲ್ಕು ಸಾಲು ಸೌತೆಬಳ್ಳಿ ಹಾಕಿದ್ದಳು. ಕಾಯಿ ಇನ್ನೂ ಬೆರಳಿನಷ್ಟು. ಹಂಗಾದರೆ ನನ್ನವೂ ಒಂದು ವಾರ ಬಿಡಲೇನು ಎಂದಳು. ಬಿಡು, ಸಂತೆಗೆ ದೊಡ್ಡವಾಗಿ ಹೋಗಲಿ ಎಂದೆ. ಗೆದ್ದ ಹುರುಪಿನಲ್ಲಿದ್ದೆ. ಯಾರು ಏನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದಲ್ಲ, ಅಂಥ ಹೊತ್ತು.

ಶನಿವಾರವೆಲ್ಲ ಬುತ್ತಿಯ ಗದ್ದಲ. ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಬುಟ್ಟಿ ತುಂಬ ಮಂಡಾಳು (ನಿಮ್ಮ ಕಡೆಯ ಮಂಡಕ್ಕಿ). ಕಾಲುವೆಯ ಕಡೆ ನಾನು ಹೋಗಲೇ ಇಲ್ಲ.

ಭಾನುವಾರ ನಸುಕಿಗೆ ಸಿಂಧನೂರಿನಲ್ಲಿ ಬಸ್ ಹತ್ತಿದೆವು. ನಾನು, ಅಕ್ಕ, ಇಬ್ಬರು ಮಕ್ಕಳು, ಅವ್ವ. ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಗಂಗಾವತಿ ಸಮೀಪ ಬಸ್ಸು, ಡ್ಯಾಮಿನಿಂದ ನಮ್ಮ ಕಾಲುವೆಗೆ ನೀರು ತರುವ ದೊಡ್ಡ ಕಾಲುವೆ ದಾಟುವಾಗ ನನ್ನ ಮೊಣಕೈ ಮುಟ್ಟಿದಳು.

"ತಮ್ಮಾ, ನೀರು ಬಂದಾವ ನೋಡು."

ನಾನು ನೋಡಲಿಲ್ಲ. (ಪಕ್ಕದ ಪ್ರಯಾಣಿಕನ ಜೊತೆ ಒಂದು ಚರ್ಚೆ ಅರ್ಧದಲ್ಲಿತ್ತು. ಹೌದು, ಬಸ್ಸಿನಲ್ಲೂ.) ಅದು ನಿಂತ ನೀರು, ಹೋದ ಹಂಗಾಮಿನದು, ತಗ್ಗಿನಲ್ಲಿ ಉಳಿದಿರುತ್ತದೆ, ಬಿಸಿಲಿಗೆ ಹೊಳೆಯುತ್ತದೆ ಎಂದೆ. ಹರಿಯುತ್ತಿತ್ತಲ್ಲ ಅಂದಳು. ಬಸ್ಸು ಓಡುವಾಗ ನಿಂತದ್ದೂ ಓಡಿದಂತೆ ಕಾಣುತ್ತದೆ ಎಂದೆ. ವಿಜ್ಞಾನ! ಅವ್ವ ಮತ್ತೆ ಕಿಟಕಿಯ ಕಡೆ ತಿರುಗಿದಳು. ಅದನ್ನೂ ನಾನು ಗೆಲುವೆಂದೇ ಲೆಕ್ಕ ಹಿಡಿದೆ.

ಡ್ಯಾಮಿನ ತೋಟ ಹೇಗಿದೆ? ಚೆನ್ನಾಗಿದೆ. ಕತ್ತರಿಸಿ ಸಮ ಮಾಡಿದ ಗಿಡ, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡು, ಬೋರ್ಡಿನ ಕೆಳಗೇ ಜಮಖಾನೆ ಹಾಸಿ ಊಟಕ್ಕೆ ಕೂತ ಸಂಸಾರಗಳು. ನಡುವೆ ಕಾರಂಜಿ. ಅವ್ವ ಕಾರಂಜಿಗೆ ಬೆನ್ನು ಮಾಡಿ, ಕಾಲುವೆ ಹೊರಡುವ ದಿಕ್ಕಿಗೆ ಮುಖ ಮಾಡಿ ಕೂತಳು. ಆಗ ನನ್ನೊಳಗೆ ಏನೋ ಒಂದು ಎಳೆ ಬಿಚ್ಚಿತು. ಗಿಡಕ್ಕೆ ನೀರು ಹಾಯಿಸುತ್ತಿದ್ದ ಮುದುಕನನ್ನು, ಸುಮ್ಮನೆ ಕೇಳುವವನ ಹಾಗೆ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿದೆ.

"ಬಿಟ್ಟು ಒಂದು ದಿನಾ ಆತು. ನಿನ್ನೆ ನಸುಕಿನ್ಯಾಗ ಎತ್ಯಾರ ಗೇಟು."

ಸೋಮವಾರ ಅಂದಿದ್ದರಲ್ಲ ಎಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೇಲೆ ಮಲೆನಾಡಿನಲ್ಲಿ ಮಳೆ ಆಗಿದೆ, ನೀರು ಬಂದಿದೆ, ಬಿಟ್ಟಿದ್ದಾರೆ. ಅದಕ್ಕೆ ಯಾರನ್ನು ಕೇಳಬೇಕಿತ್ತು?

ಸರಕಾರದ ಕೆಲಸ ತಡವಾಗುತ್ತದೆ ಎಂಬುದಕ್ಕೆ ನನ್ನ ಹತ್ತಿರ ನೂರು ಆಧಾರವಿದ್ದವು. ಮೊದಲೇ ಆಗಬಹುದು ಎಂಬುದು ಹೊಳೆದೇ ಇರಲಿಲ್ಲ. ಸಂಶಯ ಪಡುವುದರಲ್ಲಿ ಹೆಸರು ಮಾಡಿದವನು ನಾನು. ಆದರೆ ನನ್ನ ಸಂಶಯ ಒಂದೇ ಕಣ್ಣಿನದಾಗಿತ್ತು.

ಲೆಕ್ಕ ಹಾಕಿದೆ. ಬಿಟ್ಟು ಇಪ್ಪತ್ತೆಂಟು ತಾಸು. ನೀರು ಮನುಷ್ಯನ ನಡಿಗೆಯಷ್ಟು ಹೋದರೂ ಈ ಹೊತ್ತಿಗೆ ಎಲ್ಲಿರಬಹುದು? ನಡುವೆ ಯಾವ ಗೇಟು ತೆರೆದಿದೆ, ಯಾವುದು ಮುಚ್ಚಿದೆ? ಗೊತ್ತಿಲ್ಲ. ಭಾನುವಾರ. ಪೋಸ್ಟಾಫೀಸು ಮುಚ್ಚಿರುತ್ತದೆ. ತೆರೆದಿದ್ದರೂ ವಳಕಮದಿನ್ನಿಯಲ್ಲಿ ಫೋನು ಯಾರ ಮನೆಯಲ್ಲಿದೆ? ಮಾವನೋ, ಕುರಿಯ ಹಿಂದೆ ಬಯಲಲ್ಲಿ. ಮರಿಗಳು ಸೇತುವೆಯ ಕೆಳಗೆ, ತಟ್ಟಿಯೊಳಗೆ. ಹಾರಿ ಓಡುವುದಕ್ಕೂ ದಾರಿ ಇಲ್ಲ.

ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಉತ್ತರ ಕೊಡುತ್ತಿದ್ದೆನೇನೋ.

"ನನಗ ಮಾತು ಬರ್ಲಿಲ್ಲಪಾ. ಕಣ್ಣು ಇದ್ದುವು."

ಅಷ್ಟೇ. ಬುತ್ತಿಯ ಗಂಟು ಬಿಚ್ಚದೆ ಎದ್ದು ನಿಂತಳು. ಅಕ್ಕನಿಗೆ ಸಿಟ್ಟು. ಇಷ್ಟು ದೂರ ಬಂದು ಮಕ್ಕಳು ಜಿಂಕೆ ನೋಡಿಲ್ಲ, ಡ್ಯಾಮಿನ ಮೇಲೆ ಹತ್ತಿಲ್ಲ. ಮಕ್ಕಳು ಅಳುವುದಕ್ಕೆ ಶುರು ಮಾಡಿದರು. ಕಾರಂಜಿ ಮಾತ್ರ ಚಿಮ್ಮುತ್ತಲೇ ಇತ್ತು, ನಮ್ಮನ್ನು ಕೇಳುವವರು ಯಾರು ಎನ್ನುವ ಹಾಗೆ.

ವಾಪಸು ಬಸ್ಸು ಎರಡು ತಾಸಿಗೆ ಬಂತು. ಆ ಎರಡು ತಾಸು ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಾನು ಎಷ್ಟು ಸುತ್ತು ಹಾಕಿದೆನೋ. ಒಂದು ಮಾತು ನಿಜ ಹೇಳಿ, ನೀವು ಸಂಸಾರ ಸಮೇತ ನೋಡಲು ಹೋದ ಯಾವ ಜಾಗವನ್ನಾದರೂ ಪೂರ್ತಿ ನೋಡಿದ್ದೀರಾ? ಒಲೆ ಆರಿಸಿದೆವೋ ಇಲ್ಲವೋ, ಎಮ್ಮೆಗೆ ಯಾರಾದರೂ ನೀರು ಕುಡಿಸಿದರೋ ಇಲ್ಲವೋ. ಪಿಕ್‌ನಿಕ್ ಎಂದರೆ ಮನೆಯ ಚಿಂತೆಯನ್ನು ಬುತ್ತಿಯ ಜೊತೆ ಕಟ್ಟಿಕೊಂಡು ಹೋಗಿ, ಹುಲ್ಲಿನ ಮೇಲೆ ಬಿಚ್ಚಿ, ಹಾಗೇ ಕಟ್ಟಿಕೊಂಡು ಬರುವುದು. ನನ್ನದು ಸ್ವಲ್ಪ ಭಾರದ ಗಂಟಾಗಿತ್ತು, ಅಷ್ಟೇ ವ್ಯತ್ಯಾಸ.

ಬಸ್ಸಿನಲ್ಲಿ ಈ ಸಲ ಕಿಟಕಿ ನನ್ನದು. ಗಂಗಾವತಿ ಹತ್ತಿರ ಕಾಲುವೆ ಅರ್ಧ ತುಂಬಿತ್ತು. ಹರಿಯುತ್ತಿತ್ತು. ಕುರುಡನಿಗೂ ಕಾಣುವಂತೆ ಹರಿಯುತ್ತಿತ್ತು. ಕಾರಟಗಿ ದಾಟಿದ ಮೇಲೆ ಒಂದು ಕಡೆ ಮತ್ತೆ ಕಾಲುವೆ ಕಂಡಿತು. ಅಲ್ಲೂ ನೀರು. ಹೊಸ ನೀರಿನ ಮೂತಿ ಹೇಗಿರುತ್ತದೆ ಗೊತ್ತೇ? ಕಸ, ಒಣ ಎಲೆ, ಕಂದು ನೊರೆ ಎಲ್ಲವನ್ನೂ ತಳ್ಳಿಕೊಂಡು, ನೆಲ ಮೂಸುತ್ತ ಬರುತ್ತದೆ. ಆ ಮೂತಿ ಕಂಡರೆ ಸಾಕು, ಅದರ ಮುಂದೆ ನಾವಿದ್ದೇವೆಂದು ಅರ್ಥ. ಪ್ರತಿ ಸೇತುವೆಯಲ್ಲೂ ಅದನ್ನೇ ಹುಡುಕಿದೆ. ಎಲ್ಲ ಕಡೆಯೂ ಅದು ಆಗಲೇ ಹೋಗಿತ್ತು. ಕಂಡಕ್ಟರಿಗೆ ಸ್ವಲ್ಪ ಜಲ್ದಿ ಹೋಗಲು ಹೇಳಿ ಎಂದೆ. ಮನೆಯಲ್ಲಿ ಏನು ಹೆರಿಗೆಯಾ ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು.

ಸಿಂಧನೂರಿನಲ್ಲಿ ಇಳಿದಾಗ ಹೊತ್ತು ವಾಲಿತ್ತು. ಅಕ್ಕ, ಅವ್ವ, ಮಕ್ಕಳನ್ನು ಊರ ಕಡೆಯ ಗಾಡಿಯೊಂದಕ್ಕೆ ಹತ್ತಿಸಿ, ಗುರುತಿನವರ ಅಂಗಡಿಯಿಂದ ಸೈಕಲ್ ಇಸಿದುಕೊಂಡು ತುಳಿದೆ. ಊರು ಇನ್ನೂ ಅರ್ಧ ಮೈಲಿ ಇರುವಾಗಲೇ ಕಪ್ಪೆಗಳ ಸದ್ದು ಕೇಳಿಸಿತು.

ಸೇತುವೆಯ ಮೇಲೆ ಸೈಕಲ್ ಎಸೆದು ಕೆಳಗೆ ಬಗ್ಗಿ ನೋಡಿದೆ. ತೊಡೆಮಟ್ಟ ಕೆಂಪು ನೀರು. ತಟ್ಟಿಯೊಂದು ಕಂಬಕ್ಕೆ ಸಿಕ್ಕಿಕೊಂಡು ಅಲ್ಲಾಡುತ್ತಿತ್ತು. ಮರಿ ಒಂದೂ ಇರಲಿಲ್ಲ.

ಆಗ ಹಿಂದಿನಿಂದ ಮ್ಯಾ ಎಂದಿತು.

ಕಾಲುವೆಯ ಏರಿಯ ಮೇಲೆ, ಜಾಲಿಗಿಡಕ್ಕೆ ಕಂಬಳಿ ಹರವಿ ಮಾಡಿದ ನೆರಳಲ್ಲಿ, ಮರಿಗಳೆಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಪಕ್ಕದಲ್ಲಿ ಬೀರಪ್ಪ ಮಾವ ಬೀಡಿ ಸೇದುತ್ತ ಕೂತಿದ್ದ. ಯಾವಾಗ ಮೇಲೆ ತಂದೆ ಎಂದು ಕೇಳಿದೆ. ಶುಕ್ರವಾರ ಸಂಜೆಯೇ ಅಂದ. ಕಟ್ಟೆಯಿಂದ ಎದ್ದವನು ನೆಟ್ಟಗೆ ಇಲ್ಲಿಗೇ ಬಂದಿದ್ದ.

ಹಾಗಾದರೆ ಅಷ್ಟು ಜನರ ಮುಂದೆ ಒಪ್ಪಿಕೊಂಡದ್ದು ಯಾಕೆ?

"ನಾಕು ಮಂದ್ಯಾಗ ನಿನ್ನ ಮಾತು ಯಾಕ ಕೆಳಗ ಹಾಕ್ಲಿ? ವಾದ ನಿಂದು ಖರೇ ಇತ್ತು ಅಳಿಯಾ. ಮರಿ ನನ್ನವು."

ನಗಬೇಕೆನಿಸಿತು. ಅವನ ಕಾಲು ಹಿಡಿಯಬೇಕೆನಿಸಿತು. ಎರಡೂ ಮಾಡದೆ ಒಂದು ಮರಿಯನ್ನು ಎತ್ತಿಕೊಂಡು ಕೂತೆ. ಬೆಳಿಗ್ಗೆಯಿಂದ ಹೊತ್ತ ಗಂಟು ಕಡೆಗೂ ಇಳಿಯಿತು ಎನ್ನುವಷ್ಟರಲ್ಲಿ ಮಾವ ಕಾಲುವೆಯ ಆಚೆಗೆ ಗದ್ದ ಚಾಚಿ ತೋರಿಸಿದ.

ಅಲ್ಲಿ ಹನುಮವ್ವ. ಸೀರೆ ಎತ್ತಿ ಕಟ್ಟಿ, ನೀರಿನ ಅಂಚಿಗೆ ನಿಂತು, ಉದ್ದ ಕಟ್ಟಿಗೆಯಿಂದ ಏನನ್ನೋ ಎಳೆದುಕೊಳ್ಳುತ್ತಿದ್ದಳು. ಬೇರು ಸಮೇತ ಕಿತ್ತ ಬಳ್ಳಿ. ಎಳೆ ಸೌತೆಕಾಯಿ ಒಂದೊಂದಾಗಿ ತೇಲಿಹೋಗುತ್ತಿದ್ದವು. ಪಕ್ಕದ ಬುಟ್ಟಿಯಲ್ಲಿ ಒಂದು ಹಿಡಿ ಕಾಯಿಯೂ ಇರಲಿಲ್ಲ.

ಇಡೀ ದಿನ, ಬಸ್ಸಿನಲ್ಲಿ, ಬೇವಿನ ಗಿಡದ ಕೆಳಗೆ, ಸೈಕಲ್ಲಿನ ಮೇಲೆ, ಅವಳ ನೆನಪು ನನಗೆ ಒಮ್ಮೆಯೂ ಬಂದಿರಲಿಲ್ಲ.

ನೀನಾದರೂ ಹೇಳಬಾರದಿತ್ತೇ ಎಂದು ಮಾವನನ್ನು ಕೇಳಿದೆ. ಮಾವ ಬೀಡಿ ನೆಲಕ್ಕೆ ಒತ್ತಿದ. ಹೇಳಿದ್ದನಂತೆ. ಎರಡು ಸಲ. ನೀನು ಕುರಿ ಕಾಯುವವನು, ನಿನಗೇನು ತಿಳಿಯುತ್ತದೆ, ಓದಿದ ಹುಡುಗ ಹೇಳಿದ್ದಾನೆ ಎಂದಳಂತೆ.

ನಾನು ಸೇತುವೆ ದಾಟಿ ಅವಳ ಹತ್ತಿರ ಹೋದೆ. ಪ್ಯಾಂಟು ಮಡಚಿ ನೀರಿಗಿಳಿದು ಕೈಗೆ ಸಿಕ್ಕ ಬಳ್ಳಿ ಎಳೆದು ದಡಕ್ಕೆ ಹಾಕಿದೆ. ಏನು ಹೇಳಬೇಕೆಂದು ಮೂರು ಪಾಯಿಂಟ್ ಹುಡುಕಿದೆ. ಅವಳು ಮುಖದ ಮೇಲಿನ ನೀರು ಸೆರಗಿನಿಂದ ಒರೆಸಿಕೊಂಡು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

"ಡ್ಯಾಮು ನೋಡಾಕ ಹೋಗಿದ್ರಂತಲ್ಲಪಾ. ತ್ವಾಟ ಚಂದಿತ್ತೇನು?"

ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲವನು ನಾನು. ಓದುಗರೇ, ಇದಕ್ಕೆ ಯಾವ ಪಕ್ಷದಿಂದ ಉತ್ತರ ಕೊಡಲಿ?