ಗೇರಿನ ಕಿರುಚಾಟಕ್ಕೆ ಕಿವಿಗೊಟ್ಟ ಎಸೆನ್‌ಕುಲ್ ಮೇಷ್ಟ್ರು

ನರೀನ್ ಸೀಮೆಯ ಕಣಿವೆಗಳಲ್ಲಿ ಗಾಡಿ ನಡೆಸುವ ಯಾರನ್ನು ಕೇಳಿದರೂ, ಗೇರಿನ ವಿದ್ಯೆಯಲ್ಲಿ ಎಸೆನ್‌ಕುಲ್ ಮೇಷ್ಟ್ರನ್ನು ಮೀರಿಸಿದವರ ಹೆಸರು ಸಿಗುವುದಿಲ್ಲ. ವೃತ್ತಿಶಾಲೆಯ ಮೋಟಾರು ವಿಭಾಗಕ್ಕೆ ತರುಣರಾಗಿ ಬಂದು, ಅಲ್ಲೇ ತಲೆ ನರೆಸಿಕೊಂಡು, ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರು ಶಿಷ್ಯರಿಗೆ ಸಾರಿ ಹೇಳಿದ್ದು ಒಂದೇ: ಮೊದಲು ಕೇಳು, ಆಮೇಲೆ ಬಿಚ್ಚು. ಕೈ ತುರಿಸುವ ಹುಡುಗರಿಗೆ ಇದು ಪಥ್ಯವಾಗುತ್ತಿರಲಿಲ್ಲ.

ಆ ಮಾತಿನ ಬೆಲೆ ಅರಿತವಳು ಅವರ ಶಿಷ್ಯೆ ಬುರುಲ್. ಬೆಟ್ಟದ ಮೇಲಿನ ತನ್ನೂರಿನ ಆಸ್ಪತ್ರೆ ಗಾಡಿಗೆ ಆಕೆ ಚಾಲಕಿಯಾದ ಮೊದಲ ಚಳಿಗಾಲದಲ್ಲೇ ಒಂದನೇ ಗೇರು ಮುಷ್ಕರ ಹೂಡಿತು, ರಿವರ್ಸ್ ಕಿರುಚತೊಡಗಿತು. ಆಸ್ಪತ್ರೆಯ ವಾಹನಗಳ ಉಸ್ತುವಾರಿ ಜಪರ್ ಊರಿಗೆಲ್ಲ ಡಂಗುರ ಸಾರಿದ. "ಹೆಣ್ಣು ಕೈ ತಗುಲಿ ಗೇರ್‌ಬಾಕ್ಸ್ ಹಲ್ಲುದುರಿಸಿಕೊಂಡಿದೆ. ಬಾಕ್ಸೂ ಇಳಿಸ್ಬೇಕು, ಡ್ರೈವರನ್ನೂ ಇಳಿಸ್ಬೇಕು."

ತಪ್ಪು ತನ್ನದೇ ಇರಬಹುದೆಂದು ಕುಗ್ಗಿದ ಬುರುಲ್, ಅತ್ತೆ ಕಲಿಪಾ ಮತ್ತು ಜಪರ್ ಇಬ್ಬರನ್ನೂ ಕೂರಿಸಿಕೊಂಡು, ಗಾಡಿಯನ್ನು ಹೇಗೋ ಮೇಷ್ಟ್ರ ಶೆಡ್ಡಿಗೆ ತಂದಳು.

ಮೇಷ್ಟ್ರು ಇಂಜಿನ್ ಆರಿಸಿ ಗೇರು ಬದಲಿಸಿ ನೋಡಿದರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಎಲ್ಲವೂ ಬಿದ್ದವು. ಇಂಜಿನ್ ಹೊತ್ತಿಸಿದರೆ ಮತ್ತೆ ಕರಕರ.

"ಹಲ್ಲು ಗಟ್ಟಿಯಾಗಿವೆ. ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಷ್ಟೆ. ಪೆಡಲ್ ಒತ್ತು ತಾಯಿ," ಎಂದು ಬಗ್ಗಿ ನೋಡಿದರು.

ಪೆಡಲ್ ನಡುವೆಯೇ ನಿಂತಿತು. ಅದರಡಿ ಎರಡು ಮಡಿಕೆಯ ದಪ್ಪ ಉಣ್ಣೆ ಹಾಸು. ಸೊಸೆಯ ಕಾಲು ಮರಗಟ್ಟದಿರಲೆಂದು ಕಲಿಪಾ ತನ್ನ ಕೈಯಾರೆ ಹೊಲಿದು ಹಾಸಿದ್ದು. ಅತ್ತೆ ಹಾಸಿದ್ದನ್ನು ಸೊಸೆ ಎತ್ತಿಬಿಡುವುದು ಆ ನಾಡಿನಲ್ಲಿ ಮುಖಕ್ಕೆ ಹೊಡೆದಂತೆ. ಅದಕ್ಕೇ ಬುರುಲ್ ಅದು ಕಾಲಿಗೆ ಅಡ್ಡವಾದರೂ ಸಹಿಸಿಕೊಂಡಿದ್ದಳು.

ಮೇಷ್ಟ್ರು ಕಲಿಪಾಳ ಕಡೆ ತಿರುಗಿದರು. "ಅಮ್ಮಾ, ಇಂಥ ಕುಸುರಿ ಹಾಸನ್ನ ಬೂಟಿನ ಕೆಳಗೆ ಹಾಕೋದಾ? ಹಿಂದೆ ಹಾಸಿ. ಹೆರಿಗೆಗೆ ಬರೋ ಹೆಣ್ಮಕ್ಕಳ ಬೆನ್ನು ಬೆಚ್ಚಗಿರುತ್ತೆ."

"ನಯವಾಗಿ ಹೇಳ್ತೀಯಪ್ಪಾ. ನನ್ನ ಹಾಸೇ ಗಾಡಿ ಕೆಡಿಸ್ತು ಅಂತ ತಾನೇ?"

"ಗಾಡಿನೂ ಕೆಟ್ಟಿಲ್ಲ, ಹಾಸೂ ಕೆಟ್ಟಿಲ್ಲ. ಜಾಗ ತಪ್ಪಿತ್ತು."

ಕಲಿಪಾ ತಾನೇ ಬಗ್ಗಿ ಹಾಸನ್ನು ಎಳೆದಳು. ಬುರುಲ್ ಕ್ಲಚ್ ಒತ್ತಿದಳು, ಒಂದನೇ ಗೇರು ಸದ್ದಿಲ್ಲದೆ ಬಿತ್ತು. ಆಕೆ ಸ್ಟೇರಿಂಗಿಗೆ ಹಣೆಯಿಟ್ಟು ಅತ್ತೇಬಿಟ್ಟಳು. ಎದೆಯ ಮೇಲಿನ ಬಂಡೆ ಇಳಿದಿತ್ತು.

"ಹಾಗಾದ್ರೆ ಬಾಕ್ಸ್ ಇಳಿಸೋದು ಬೇಡ್ವಾ?" ಎಂದ ಜಪರ್.

"ಇಳಿಸೋದಿದ್ರೆ ನಿನ್ನ ನಾಲಿಗೆ ಇಳಿಸು," ಎಂದಳು ಕಲಿಪಾ. "ಎಷ್ಟು ಜೋರಾಗಿ ಸಾರಿದ್ಯೋ ಅಷ್ಟೇ ಜೋರಾಗಿ ಅದು ಸುಳ್ಳು ಅಂತ ಹೇಳ್ಕೊಂಡು ಬಾ."

ಬುರುಲ್ ಇಂದಿಗೂ ಅದೇ ಊರಿನ ಗಾಡಿ ನಡೆಸುತ್ತಿದ್ದಾಳೆ. ಮೇಷ್ಟ್ರು ಈ ಪ್ರಸಂಗವನ್ನು ವರ್ಷವರ್ಷವೂ ಪಾಠದಲ್ಲಿ ಹೇಳಿದರಾದರೂ, ಹಾಸು ಯಾರದೆಂದು ಒಮ್ಮೆಯೂ ಬಾಯಿಬಿಡಲಿಲ್ಲ. ಮೇಷ್ಟ್ರ ನಿವೃತ್ತಿಗೆಂದು ಈ ಗೌರವ ಸಂಪುಟ ಸಿದ್ಧವಾಗುತ್ತಿದೆಯೆಂದು ತಿಳಿದಾಗ ಬುರುಲ್ ಕೂಡ ಆಕೆಯ ಹೆಸರು ಬೇಡವೆಂದೇ ಅತ್ತೆಗೆ ಹೇಳಿದಳು. ಮುದುಕಿ ಒಪ್ಪಲಿಲ್ಲ.

"ನನ್ನ ಹೆಸರು ದೊಡ್ಡ ಅಕ್ಷರದಲ್ಲಿ ಹಾಕ್ಸು. ನನ್ನ ಮಾನ, ನಿನ್ನ ಕೆಲಸ, ಎರಡನ್ನೂ ಒಂದೇ ಮಾತಲ್ಲಿ ಉಳಿಸಿದ ಪುಣ್ಯಾತ್ಮ ಆತ. ನೂರು ವರ್ಷ ಬಾಳಲಿ. ಆದ್ರೆ ಮನೇಲಿ ಸುಮ್ನೆ ಕೂತ್ಕೋಬಾರ್ದು, ಈ ಬೆಟ್ಟದಲ್ಲಿ ಜಪರ್‌ಗಳು ಇನ್ನೂ ಬೇಕಾದಷ್ಟು ಜನ ಇದ್ದಾರೆ."