ತಪಾಸಣೆಗೆ ಹೋದ ಪುಸ್ತಕಗಳು

ನಮ್ಮ ಮನೆಯ ಚಾವಡಿಯಲ್ಲಿ ಗಾಜಿನ ಬಾಗಿಲಿನ ಕಪಾಟೊಂದಿದೆ. ಕುಂದಾಪುರ ಕೋರ್ಟಿನಲ್ಲಿ ವಕೀಲರಾಗಿದ್ದ ನನ್ನ ಮಾವ ತೀರಿಕೊಂಡ ಮೇಲೆ ಅದರೊಳಗಿನ ದಪ್ಪ ಕಾನೂನು ಸಂಪುಟಗಳನ್ನು ಓದಿದವರಿಲ್ಲ, ಒರೆಸಿದವಳು ನಾನು ಮಾತ್ರ. ಮಳೆಗಾಲ ಕಳೆದ ಮೇಲೆ ಒಂದೊಂದನ್ನೇ ಬಿಸಿಲು ಕಾಣಿಸಿ, ಹುಳ ಹಿಡಿಯದಂತೆ ಬಜೆ ಬೇರಿನ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹಾಳೆಗಳ ನಡುವೆ ಇಡುತ್ತೇನೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ತೋರಿಸಿಕೊಟ್ಟ ಹಾಗೆ ಬಟ್ಟೆಯ ಮೂಲೆ ಮಡಚಿ, ನೀಲಿ ನೂಲಿನಲ್ಲಿ ಹೊಲಿಯುವುದು ನನ್ನ ರೂಢಿ.

ಮಾವ ಕಾನೂನು ಓದಲು ಬೆಳಗಾವಿಗೆ ಹೋಗಿದ್ದರಂತೆ. ನನ್ನ ಮಗಳಿಗೆ ಆ ಕಷ್ಟ ಬರಲಿಲ್ಲ. ಅವಳ ಪಿಯುಸಿ ಮುಗಿಯುವ ಹೊತ್ತಿಗೆ ಹೆದ್ದಾರಿಯ ಬದಿಯಲ್ಲೇ ಹೊಸ ಕಾನೂನು ಕಾಲೇಜು ಎದ್ದು ನಿಂತಿತ್ತು. ಐದು ವರ್ಷದ ಕೋರ್ಸು, ಮೇಲೆ ವಿಶ್ವವಿದ್ಯಾಲಯದ ಮಾನ್ಯತೆ. ಬೈಂದೂರಿನ ಕಡೆಯಿಂದ, ಬ್ರಹ್ಮಾವರದ ಕಡೆಯಿಂದ ಹೆಣ್ಣುಮಕ್ಕಳು ಕಪ್ಪು ಕೋಟು ಕೈಮೇಲೆ ಹಾಕಿಕೊಂಡು ಬಸ್ಸಿನಲ್ಲಿ ಬರುವುದನ್ನು ಕಂಡು ನನಗೂ ಸಂತೋಷವಾಗಿತ್ತು.

ಆದರೆ ಮೂರನೇ ವರ್ಷಕ್ಕೆ ಬರುವಾಗ ಆ ಕೋಟನ್ನೇ ನೋಡಿ ನನಗೆ ಅನುಮಾನ ಶುರುವಾಯಿತು. ಬೆಳಿಗ್ಗೆ ಹೇಗೆ ಇಸ್ತ್ರಿ ಮಾಡಿ ಕೊಟ್ಟಿದ್ದೆನೋ ಹಾಗೆಯೇ ವಾಪಸು ಬರುತ್ತಿತ್ತು. ಅನ್ನ ಆರುವ ಮೊದಲೇ ಮಗಳೂ ಮನೆಯಲ್ಲಿ. ಕೇಳಿದರೆ, "ಇವತ್ತ್ ಪಾಠ ಇಲ್ಲ ಅಮ್ಮ, ಸರ್ ಕೋರ್ಟಿಗ್ ಹೋಯಿರ್" ಎನ್ನುವಳು. ಪಾಠ ಮಾಡುವ ಹೆಚ್ಚಿನವರು ವಕೀಲಿ ನಡೆಸುವವರೇ, ಕೇಸು ಬಂದರೆ ತರಗತಿ ಇಲ್ಲ. ಐಪಿಸಿ ಹೋಗಿ ಹೊಸ ಸಂಹಿತೆ ಬಂದಿದೆ ಎಂದು ಪೇಪರಿನಲ್ಲಿ ನಾನೇ ಓದಿದ್ದೆ. ಇವಳ ಮೇಜಿನ ಮೇಲೆ ಮಾತ್ರ ಹಳೆಯ ಗೈಡು, ಅದೂ ಸೀನಿಯರ್ ಹುಡುಗಿಯದ್ದು. ಲೈಬ್ರರಿಯಿಂದ ಒಂದು ಪುಸ್ತಕ ಮನೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ.

ಹಾಗಿರುವಾಗ ತವರಿನಲ್ಲಿ ಎರಡು ದಿನ ಇದ್ದು ಬಂದೆ. ಕಪಾಟು ಖಾಲಿ. ಒರೆಸಿದ ಗಾಜಿನ ಹಿಂದೆ, ಪುಸ್ತಕಗಳಿದ್ದ ಜಾಗದಲ್ಲಿ ಮರದ ಬಣ್ಣ ಬೇರೆಯೇ ಇತ್ತು.

"ಬೈಂಡಿಂಗಿಗ್ ಕೊಟ್ಟಿದ್ದೆ ಮಾರಾಯ್ತಿ. ಸ್ವಲ್ಪ ದಿನದಗೆ ಬತ್ತ್" ಎಂದರು ಮಗಳ ಅಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

ತಮ್ಮ ಚಪ್ಪಲಿಯ ಕಿತ್ತ ಬಾರನ್ನೇ ತಿಂಗಳುಗಟ್ಟಲೆ ಹೊಲಿಸದ ಮನುಷ್ಯ ಇವರು. ಗುಜರಿಯವನಿಗೆ ಕೊಟ್ಟುಬಿಟ್ಟರೇ? ಕೆರಾಡಿ, ಶಂಕರನಾರಾಯಣದಂಥ ಊರುಗಳಿಂದ ಜಾಗದ ತಕರಾರು ಹೊತ್ತು ಬಂದವರ ಎದುರು ಮಾವ ಆ ಪುಸ್ತಕಗಳನ್ನು ಬಿಡಿಸುತ್ತಿದ್ದ ರೀತಿ ನೆನಪಾಗಿ ಊಟ ಸೇರಲಿಲ್ಲ. ಮಗಳನ್ನು ಕೇಳಿದೆ. ಅವಳು ಫೋನ್ ಚಾರ್ಜಿಗೆ ಹಾಕುವ ನೆಪದಲ್ಲಿ ಎದ್ದು ಹೋದಳು. ಅಪ್ಪ ಮಗಳು ಇಬ್ಬರೂ ಸೇರಿಕೊಂಡಿದ್ದಾರೆ ಎಂದು ನನಗೆ ಆಗಲೇ ಅನಿಸಿತು.

ಅದೇ ವಾರ ಕಾಲೇಜಿನಿಂದ ಹೆತ್ತವರಿಗೆ ಕರೆ ಬಂತು. ವಿಶ್ವವಿದ್ಯಾಲಯದ ತಪಾಸಣಾ ತಂಡ ಬರುವುದಿತ್ತು. ಮಾನ್ಯತೆ ಮುಂದುವರಿಯದಿದ್ದರೆ ಮಕ್ಕಳು ಪರೀಕ್ಷೆಗೆ ಕೂರುವುದೇ ಕಷ್ಟ, ಹಾಗಾಗಿ ಒಳ್ಳೆಯ ಮಾತಾಡಿ ಎಂದು ಪ್ರಿನ್ಸಿಪಾಲರು ನಗುನಗುತ್ತಾ ಹೇಳಿದರು. ತಪಾಸಣೆಯ ದಿನ ನಾನು ಮಗಳ ಜೊತೆ ಹೋದಾಗ ನೆಲದಲ್ಲಿ ಫಿನಾಯಿಲ್ ಇನ್ನೂ ಒಣಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಸಾಲಾಗಿ ಕುಳಿತಿದ್ದ ಅಧ್ಯಾಪಕರಲ್ಲಿ ಒಬ್ಬರು ಶೌಚಾಲಯ ಎಲ್ಲಿದೆ ಎಂದು ನನ್ನ ಮಗಳನ್ನೇ ಕೇಳಿದರು.

ಲೈಬ್ರರಿಯ ಬಾಗಿಲು ದಾಟಿದ ಕೂಡಲೇ ನನ್ನ ಮೂಗಿಗೆ ಬಜೆಯ ವಾಸನೆ ಬಡಿಯಿತು. ಗೋಡೆಯುದ್ದಕ್ಕೂ ಮಾವನ ಸಂಪುಟಗಳು, ಬೆನ್ನಿನ ಮೇಲೆ ಹೊಸ ನಂಬರಿನ ಚೀಟಿ ಅಂಟಿಸಿಕೊಂಡು ನಿಂತಿದ್ದವು. ಆಡಳಿತ ಮಂಡಳಿಯಲ್ಲಿರುವ ತಮ್ಮ ಸ್ನೇಹಿತರ ಮಾತಿಗೆ ಕಟ್ಟುಬಿದ್ದು, ತಪಾಸಣೆ ಮುಗಿಯುವ ತನಕ ಎಂದು ಮಗಳ ಅಪ್ಪ ಕೊಟ್ಟಿದ್ದಂತೆ. ಅದು ಆಮೇಲೆ ತಿಳಿದದ್ದು.

ತಂಡದಲ್ಲಿದ್ದ ಹಿರಿಯ ಮೇಡಂ ಒಂದು ಸಂಪುಟ ಬಿಡಿಸಿದರು. ನೀಲಿ ನೂಲಿನಲ್ಲಿ ಹೊಲಿದ ಬಿಳಿ ಬಟ್ಟೆಯ ಸಣ್ಣ ಗಂಟು ಅವರ ಪಾದದ ಹತ್ತಿರ ಬಿತ್ತು.

"ಇದೆಂಥದ್ದು?" ಎಂದರು ಲೈಬ್ರೇರಿಯನ್ ಕಡೆಗೆ ತಿರುಗಿ. ಆ ಹುಡುಗ ಪ್ರಿನ್ಸಿಪಾಲರ ಮುಖ ನೋಡಿದ. ನಾನು ಸೆರಗಿನ ತುದಿ ನೋಡುತ್ತಾ ನಿಂತೆ. ಬಾಯಿ ತೆರೆದರೆ ಮಗಳ ಪರೀಕ್ಷೆ ಹೋದೀತು.

ಮಾತಾಡಿದ್ದು ಮಗಳು. "ಬಜೆ, ಮೇಡಂ. ನಮ್ಮ ಅಮ್ಮ ಇಡುವುದು. ಪುಸ್ತಕ ನಮ್ಮ ಅಜ್ಜನದ್ದು."

"ದಾನ ಕೊಟ್ಟಿದ್ದಾರೆ ಮೇಡಂ, ದೊಡ್ಡ ಮನಸ್ಸು" ಎಂದು ಪ್ರಿನ್ಸಿಪಾಲರು ನಡುವೆ ಬಂದರು.

ಮೇಡಂ ನನ್ನ ಕಡೆ ತಿರುಗಿ, ದಾನ ಕೊಟ್ಟದ್ದು ಹೌದೇ ಎಂದು ಮೆಲ್ಲಗೆ ಕೇಳಿದರು. ಹೌದೆಂದರೆ ಎಲ್ಲರೂ ನಗುತ್ತಾ ಮನೆಗೆ ಹೋಗಬಹುದಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ಸ್ವಲ್ಪ ದಿನದಲ್ಲಿ ವಾಪಸು ಬರುತ್ತದೆ ಎಂದು ಅವಳ ಅಪ್ಪ ಹೇಳಿದ್ದು ನೆನಪಾಯಿತು.

"ಇಲ್ಲ ಮೇಡಂ," ಎಂದೆ. "ಎರವಲು ತಂದದ್ದು."

ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತೆವು. ಸುಮ್ಮನಿದ್ದರೆ ನಿನಗೆ ಒಳ್ಳೆಯದಿತ್ತಲ್ಲ ಎಂದು ನಾನೇ ಕೇಳಿದೆ.

"ನಾಳೆ ಕೋರ್ಟಲ್ಲ್ ನಿಂತ್ಕಂಡ್ ಸಾಕ್ಷಿಗ್ ಎಂತ ಕೇಂಬುದ್ ಅಮ್ಮ ನಾನ್?" ಎಂದಳು ಕಿಟಕಿಯ ಕಡೆ ಮುಖ ಮಾಡಿ. ಇಳಿಯಲು ಏಳುವಾಗ, "ಅಪ್ಪಯ್ಯಂಗ್ ಹೇಳುದ್ ಮಾತ್ರ ನೀನೇ, ಆಯ್ತಾ" ಎಂದಳು.

ಅವಳ ಅಪ್ಪಯ್ಯ ಕೆಲವು ದಿನ ಮುಖ ಊದಿಸಿಕೊಂಡೇ ಇದ್ದರು. ಆಮೇಲೆ ವಿಶ್ವವಿದ್ಯಾಲಯದ ತೀರ್ಮಾನ ಬಂತು. ಈಗಿರುವ ಮಕ್ಕಳು ಪರೀಕ್ಷೆ ಬರೆಯಬಹುದು. ಪೂರ್ಣಾವಧಿ ಅಧ್ಯಾಪಕರನ್ನು ನೇಮಿಸಿ, ಕಾಲೇಜಿನದ್ದೇ ಪುಸ್ತಕ ತರಿಸುವ ತನಕ ಹೊಸಬರನ್ನು ಸೇರಿಸುವಂತಿಲ್ಲ. ಸುದ್ದಿ ಕೇಳಿದ ಮೇಲೆಯೇ ನನಗೆ ಊಟ ರುಚಿಸಿದ್ದು. ಮಾವನ ಪುಸ್ತಕಗಳು ಆಟೋ ರಿಕ್ಷಾದಲ್ಲಿ ವಾಪಸು ಬಂದವು. ನಂಬರಿನ ಚೀಟಿಗಳನ್ನು ಒದ್ದೆ ಬಟ್ಟೆಯಿಂದ ಬಿಡಿಸಿದರೂ ಅಂಟು ಉಳಿದಿದೆ, ಕೈಗೆ ತಾಗುತ್ತದೆ.

ಈಗ ಕೋಟು ಮುದುಡಿ, ಕಾಲರು ಕೊಳೆಯಾಗಿ ಬರುತ್ತದೆ. ಹೊಸ ಸಂಹಿತೆಯನ್ನು ಪಾಠ ಮಾಡುವ ಮೇಡಂ ಒಬ್ಬರು ಬಂದಿದ್ದಾರಂತೆ. ಮೊನ್ನೆ ಮಗಳು ಮೊದಲ ಬಾರಿ ಲೈಬ್ರರಿಯ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ಕಾಲೇಜಿನ ಸೀಲು ಇತ್ತು, ಹಾಳೆಗಳೂ ಹೊಸತೇ. ಆದರೂ ಅವಳು ಬರುವುದರೊಳಗೆ ನಡುವಿನ ಪುಟ ಬಿಡಿಸಿ ಮೂಗಿನ ಹತ್ತಿರ ಹಿಡಿದೆ, ಬೇರೆ ಯಾರದ್ದಾದರೂ ಮನೆಯ ವಾಸನೆ ಇದೆಯೋ ಎಂದು.